ಕಲ್ಲು ಓದಿದವರಿಗೆ ಕೆಲಸ ಎಲ್ಲಿದೆ?

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಕುಸಿದು ಬಿತ್ತು. ಗುಡ್ಡದ ನಾಡಿ ಹಿಡಿಯಬಲ್ಲ ಭೂವಿಜ್ಞಾನದ ಹುಡುಗರು ಎಲ್ಲಿ ಹೋದ್ರು?

ಎಲ್ಲೂ ಹೋಗಿಲ್ಲ, ಅರ್ಜಿ ಬರೆಯುತ್ತಿದ್ದಾರೆ. ಧಾರವಾಡ, ಮೈಸೂರು, ಮಂಗಳೂರಿನಲ್ಲಿ ಎಂ.ಎಸ್ಸಿ. ಮುಗಿಸಿದವರಿಗೆ ದೊಡ್ಡ ಬಾಗಿಲು ಎರಡೇ. ಒಂದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಜನ ಆರಿಸುವ ಯು.ಪಿ.ಎಸ್‌.ಸಿ. ಪರೀಕ್ಷೆ. ಇನ್ನೊಂದು, ಸಂಶೋಧನೆಗೆ ಸಿ.ಎಸ್‌.ಐ.ಆರ್‌. ಫೆಲೋಶಿಪ್. ಇದರ ಮೊತ್ತ 2023ರ ಜನವರಿಯಿಂದ ಏರಿದೆ: ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ದುಡ್ಡಿಲ್ಲ ಅನ್ನೋ ಹಾಗಿಲ್ಲ!

ತೊಡಕು ಹೊಸ್ತಿಲಲ್ಲೇ ಇದೆ. ಮೊದಲನೆಯದಕ್ಕೆ ಇಂಗ್ಲಿಷಿನಲ್ಲೇ ಉತ್ತರ ಬರೆಯಬೇಕು. ಎರಡನೆಯದರ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ. ಹಳ್ಳಿಶಾಲೆಯಲ್ಲಿ ಕನ್ನಡ ಕಲಿತು ಬಂದ ಹುಡುಗನಿಗೆ ಕಲ್ಲಿಗಿಂತ ಭಾಷೆಯೇ ಗಟ್ಟಿ. ಸಾಲದ್ದಕ್ಕೆ 2024ರ ಜೂನ್ ಪರೀಕ್ಷೆಯನ್ನು ಇನ್ನು ನಾಲ್ಕು ದಿನ ಇದೆ ಅನ್ನುವಾಗ ಮುಂದೂಡಿದರು; ನಡೆದದ್ದು ಜುಲೈನಲ್ಲಿ.

ಗಣಿಗೆ ಹೋಗೋಣವೆಂದರೆ ಕೋಲಾರದ ಚಿನ್ನದ ಗಣಿ 2001ರಲ್ಲೇ ಮುಚ್ಚಿತು. ಹಟ್ಟಿ ಒಂದೇ ಎಷ್ಟು ಜನಕ್ಕೆ ಅನ್ನ ಹಾಕೀತು? ಉಳಿದವರು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು. ಹೆಸರಿಗೆ ಅತಿಥಿ, ವರ್ಷ ಮುಗಿದೊಡನೆ ಮತ್ತೆ ಅರ್ಜಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕು.