ಗಿಟಾರಿಗೆ ಪಿಟೀಲಿನ ಕಮಾನು!

ತುಮಕೂರಿನ ಓದುಗ ಮಿತ್ರರೊಬ್ಬರ ಕಾಗದ ಬಂದಿದೆ. ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುವ ಹುಡುಗ. '127 ಅವರ್ಸ್' ಚಿತ್ರ ನೋಡಿದಾಗಿನಿಂದ ನಿದ್ದೆ ಬಂದಿಲ್ಲವಂತೆ. "ಕ್ಲೈಮ್ಯಾಕ್ಸಿನಲ್ಲಿ ರೆಹಮಾನ್ ಸಾಹೇಬರು ಕೊಟ್ಟಿರೋ ಹಾಡು ಕೇಳಿ ಮೈ ಜುಂ ಅಂತು ಸಾರ್. ಅಂಥ ಸೌಂಡು ಯಾವ ಪೆಡಲ್‌ನಲ್ಲಿ ಬರುತ್ತೆ? ಇರೋ ಗಿಟಾರ್ ಮಾರಿಯಾದರೂ ಪೆಡಲ್ ತಗೋತೀನಿ" ಅಂತ ಬರೆದಿದ್ದಾರೆ.

ಸ್ವಲ್ಪ ತಾಳಿ ಮಾರಾಯ್ರೇ! ಮೊದಲನೆಯದಾಗಿ, ಆ ಹಾಡು ರೆಹಮಾನರದಲ್ಲ. 2010ರ ಆ ಚಿತ್ರಕ್ಕೆ ಸಂಗೀತ ರೆಹಮಾನರದೇ, ಸಂದೇಹ ಬೇಡ. ಆದರೆ ಬಂಡೆಗೆ ಸಿಕ್ಕ ಕೈಯನ್ನು ತಾನೇ ಕತ್ತರಿಸಿಕೊಂಡ ನಾಯಕ ಬಿಸಿಲಿಗೆ ಬಂದು ತೂರಾಡುವಾಗ ಏರುತ್ತದಲ್ಲ, ಆ ಹಾಡಿನ ಹೆಸರು 'ಫೆಸ್ಟಿವಲ್'. ಐಸ್‌ಲೆಂಡ್ ದೇಶದ 'ಸಿಗುರ್ ರೋಸ್' ತಂಡ 2008ರಲ್ಲೇ ಹೊರತಂದಿದ್ದ ಹಾಡು. ನಿರ್ದೇಶಕ ಡ್ಯಾನಿ ಬಾಯ್ಲ್ ಅದನ್ನು ತಂದು ಅಲ್ಲಿ ಕೂರಿಸಿದ.

ಸಿಗುರ್ ರೋಸ್ ಹುಟ್ಟಿದ್ದು 1994ರಲ್ಲಿ, ರೇಕ್ಯಾವಿಕ್ ನಗರದಲ್ಲಿ. ಗಾಯಕ ಮತ್ತು ಗಿಟಾರ್ ವಾದಕ ಯೋನ್ಸಿ. ಪೂರ್ತಿ ಹೆಸರು ಯೋನ್ ಥೋರ್ ಬಿರ್ಗಿಸ್ಸನ್. ಆಗಷ್ಟೇ ಹುಟ್ಟಿದ ತಂಗಿಯ ಹೆಸರನ್ನೇ ತಂಡಕ್ಕಿಟ್ಟ. ಅದೇ 1994ರಲ್ಲಿ ಸೈಮನ್ ರೆನಾಲ್ಡ್ಸ್ ಎಂಬ ಇಂಗ್ಲಿಷ್ ವಿಮರ್ಶಕ 'ಪೋಸ್ಟ್-ರಾಕ್' ಎಂಬ ಮಾತನ್ನು ಚಾಲ್ತಿಗೆ ತಂದ. ವಾದ್ಯಗಳೆಲ್ಲ ರಾಕ್‌ನವೇ, ಮಾಡುವ ಕೆಲಸ ಮಾತ್ರ ಬೇರೆ ಅಂತ ಅದರ ತಾತ್ಪರ್ಯ. ಯೋನ್ಸಿಯ ಮಟ್ಟಿಗೆ ಈ ಮಾತು ಅಕ್ಷರಶಃ ನಿಜ. ಯಾಕೆಂದರೆ ಆಸಾಮಿ ಎಲೆಕ್ಟ್ರಿಕ್ ಗಿಟಾರನ್ನು ಮೀಟುವುದಕ್ಕಿಂತ ಚೆಲ್ಲೋ ಕಮಾನಿನಿಂದ ಉಜ್ಜುವುದೇ ಹೆಚ್ಚು!

ಚೆಲ್ಲೋ ಅಂದರೆ ಕಾಲುಗಳ ನಡುವೆ ಇಟ್ಟುಕೊಂಡು ನುಡಿಸುವ ದೊಡ್ಡ ಪಿಟೀಲು. ಗಿಟಾರಿಗೆ ಕಮಾನು ಹಚ್ಚಿದವರಲ್ಲಿ ಯೋನ್ಸಿ ಮೊದಲಿಗನೇನಲ್ಲ. ಲೆಡ್ ಜೆಪ್ಲಿನ್ ತಂಡದ ಜಿಮ್ಮಿ ಪೇಜ್ ಕಮಾನು ಹಿಡಿದು ಮೆರೆಯುವುದು 1976ರ 'ದಿ ಸಾಂಗ್ ರಿಮೇನ್ಸ್ ದಿ ಸೇಮ್' ಚಿತ್ರದಲ್ಲಿದೆ. ಪೇಜ್‌ಗಿಂತ ಮುಂಚೆ ದಿ ಕ್ರಿಯೇಷನ್ ತಂಡದ ಎಡ್ಡಿ ಫಿಲಿಪ್ಸ್ ಮಾಡಿದ್ದ. ಆದರೆ ಅವರಿಗೆಲ್ಲ ಅದು ನಡುವೆ ಒಂದು ಚಮತ್ಕಾರ. ಯೋನ್ಸಿಗೆ ಅದೇ ಸಂಸಾರ.

ಕಷ್ಟ ಏನು ಗೊತ್ತೇ? ಪಿಟೀಲಿನ ಕುದುರೆ ಗುಡ್ಡದ ಹಾಗೆ ಬಾಗಿರುತ್ತದೆ. ಹಾಗಾಗಿ ಕಮಾನು ಒಂದೊಂದೇ ತಂತಿಯನ್ನು ಮುಟ್ಟಬಲ್ಲದು. ಗಿಟಾರಿನ ಕುದುರೆ ಹೆಚ್ಚುಕಡಿಮೆ ಚಪ್ಪಟೆ. ಕಮಾನು ಇಟ್ಟರೆ ಮೂರ್ನಾಲ್ಕು ತಂತಿ ಒಟ್ಟಿಗೇ ನರಳುತ್ತವೆ. ಬಿಡಿ ಬಿಡಿಯಾಗಿ ರಾಗ ನುಡಿಸುವ ಆಸೆ ಬಿಡಿ! ಸಾಲದ್ದಕ್ಕೆ ಕಮಾನಿನ ಕುದುರೆ ಕೂದಲು ಉಕ್ಕಿನ ತಂತಿಗೆ ಸಿಕ್ಕಿ ಪಟಪಟ ಕಿತ್ತುಬರುತ್ತದೆ. ಕೂದಲಿಗೆ ರಾಳ ಹಚ್ಚಬೇಕು, ರಾಳದ ಪುಡಿ ಗಿಟಾರಿಗೆಲ್ಲ ಮೆತ್ತಿಕೊಳ್ಳುತ್ತದೆ.

ಇಷ್ಟೆಲ್ಲ ಪಾಡು ಯಾಕೆ? ಗಿಟಾರನ್ನು ನಮ್ಮ ಕಿವಿ ಗುರುತು ಹಿಡಿಯುವುದು ಮುಖ್ಯವಾಗಿ ಅದರ ಮೊದಲ 'ಟಣ್'ನಿಂದ. ಕಮಾನು ಆ 'ಟಣ್' ಅನ್ನೇ ನುಂಗಿಹಾಕುತ್ತದೆ. ಸದ್ದು ಎಲ್ಲಿಂದಲೋ ಮಂಜಿನ ಹಾಗೆ ಎದ್ದು, ಕಮಾನು ಎಳೆಯುವಷ್ಟು ಹೊತ್ತೂ ನಿಲ್ಲುತ್ತದೆ. ಕೇಳುವವನಿಗೆ ಇದು ಆರ್ಗನ್ನೋ, ಪಿಟೀಲಿನ ಮೇಳವೋ, ಸಮುದ್ರದಲ್ಲಿ ತಿಮಿಂಗಿಲ ಕೂಗುತ್ತಿದೆಯೋ ಗೊತ್ತಾಗುವುದಿಲ್ಲ. ಟಾಮ್ ಕ್ರೂಸ್‌ನ 'ವೆನಿಲ್ಲಾ ಸ್ಕೈ' (2001) ಚಿತ್ರದಲ್ಲಿ ಇವರ 'ಸ್ವೆಪ್ನ್-ಗೆ-ಎಂಗ್ಲರ್' ಬರುತ್ತದೆ, ಕೇಳಿ ನೋಡಿ. ಕೈಯಲ್ಲಿರುವುದು ಇಬಾನೆಜ್ ಕಂಪನಿಯ, ಲೆಸ್ ಪಾಲ್ ಆಕಾರದ ಗಿಟಾರ್ ಅಂತ ಆಣೆ ಇಟ್ಟು ಹೇಳಿದರೂ ಪಕ್ಕದವನು ನಂಬಲಾರ.

ಈಗ ಪೆಡಲ್‌ಗಳ ವಿಚಾರ. ತಂತಿ ಅಲುಗಿದರೆ ಅದರ ಕೆಳಗಿನ ಪಿಕಪ್‌ನಲ್ಲಿ, ಅಂದರೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ತಂತಿಯ ಸುರುಳಿಯಲ್ಲಿ, ಸಣ್ಣ ಕರೆಂಟು ಹುಟ್ಟುತ್ತದೆ. ಆಂಪ್ಲಿಫಯರ್ ಮುಟ್ಟುವ ಮೊದಲು ಅದು ಕಾಲಬುಡದ ಡಬ್ಬಿಗಳನ್ನು ಹಾದುಹೋಗುತ್ತದೆ. ಡಿಸ್ಟಾರ್ಷನ್ ಆ ಕರೆಂಟಿನ ಅಲೆಗಳ ತಲೆ ಸವರಿ ದನಿಯನ್ನು ಒರಟು ಮಾಡುತ್ತದೆ. ಡಿಲೇ ಆಡಿದ ಮಾತನ್ನೇ ಮತ್ತೆ ಆಡುತ್ತದೆ. ಮೊದಲು ಟೇಪು ಸುತ್ತಿ ಮಾಡುತ್ತಿದ್ದ ಕೆಲಸ ಅದು. ನಮ್ಮ ಆರ್ಕೆಸ್ಟ್ರಾ ಅಣ್ಣಂದಿರು "ಹಲೋ... ಹಲೋ... ಲೋ..." ಅಂತ ಮೈಕು ಪರೀಕ್ಷಿಸುವಾಗ ಕೇಳಿದ್ದೀರಲ್ಲ, ಅದೇ. ರಿವರ್ಬ್ ಅಂದರೆ ಬಾವಿಯೊಳಗೆ ಬಗ್ಗಿ ಕೂಗಿದ ಹಾಗೆ. ಹಳೆಯ ಆಂಪ್ಲಿಫಯರ್‌ಗಳಲ್ಲಿ ಇದಕ್ಕೆ ಸ್ಪ್ರಿಂಗ್‌ಗಳೇ ಇರುತ್ತಿದ್ದವು, ಪೆಟ್ಟಿಗೆ ಒದ್ದರೆ ಗುಡುಗು! ಒಟ್ಟಿಗೆ ನರಳುವ ಆ ಮೂರ್ನಾಲ್ಕು ತಂತಿಗಳನ್ನು ಕಲಸಿ ಒಂದೇ ಮುದ್ದೆ ಮಾಡುವುದು ರಿವರ್ಬ್. ಯೋನ್ಸಿಯ ಅಡುಗೆಯಲ್ಲಿ ಉಪ್ಪು ಅಂತಿದ್ದರೆ ಅದೇ.

ಇನ್ನೊಂದು ಕಿತಾಪತಿ ಇದೆ. ವೇದಿಕೆಯಲ್ಲಿ ಗಿಟಾರನ್ನು ಬಾಯಿಯ ಹತ್ತಿರ ಎತ್ತಿ ಪಿಕಪ್‌ನೊಳಕ್ಕೇ ಹಾಡುತ್ತಾನೆ! ಪಿಕಪ್‌ಗೆ ಸರಿಯಾಗಿ ಕಿವಿ ಕೇಳಿಸುವುದಿಲ್ಲ. ಆದರೆ ಸುರುಳಿ ಸ್ವಲ್ಪ ಸಡಿಲವಾಗಿದ್ದರೆ ಗಂಟಲಿನ ದನಿಗೆ ತಾನೂ ನಡುಗಿ ಮೈಕಿನ ಹಾಗೆ ಹಿಡಿಯುತ್ತದೆ. ಹೆಣ್ಣು ದನಿಯಂಥ ಆ ತೆಳು ಕೀರಲು ಪೆಡಲ್‌ಗಳ ಮೂಲಕ ಹಾದು ಬಂದಾಗ ಗಿಟಾರೇ ಹಾಡಿದಂತಿರುತ್ತದೆ.

ಹೀಗೆ ಮೊದಲಿನಿಂದ ಕೊನೆವರೆಗೆ ಕರೆಂಟನ್ನೇ ನಂಬಿದವನು ಈತ. ಪ್ಲಗ್ ಕಿತ್ತರೆ ಏನು ಉಳಿಯುತ್ತೆ ಅಂತ ಕೇಳಬೇಡವೇ? ಅದಕ್ಕೆ ಉತ್ತರ 'ಹೇಯ್ಮಾ' ಚಿತ್ರದಲ್ಲಿದೆ. 'ಮನೆಯಲ್ಲಿ' ಅಂತ ಅರ್ಥ. 2006ರ ಬೇಸಿಗೆಯಲ್ಲಿ ತಂಡ ತನ್ನ ದೇಶವೆಲ್ಲ ಸುತ್ತಿ ಪುಕ್ಕಟೆ ಕಾರ್ಯಕ್ರಮ ಕೊಟ್ಟಿತು. ಅದರ ಚಿತ್ರೀಕರಣ 2007ರಲ್ಲಿ ತೆರೆಗೆ ಬಂತು. ಆಗ ಪೂರ್ವ ಐಸ್‌ಲೆಂಡಿನ ಕಾರಾನ್ಯೂಕರ್‌ನಲ್ಲಿ ಒಂದು ಭಾರಿ ಅಣೆಕಟ್ಟು ಏಳುತ್ತಿತ್ತು. 690 ಮೆಗಾವಾಟ್ ವಿದ್ಯುತ್ತು, ಎಲ್ಲ ಒಂದು ಅಲ್ಯೂಮಿನಿಯಂ ಕಾರ್ಖಾನೆಗೆ. ಕಣಿವೆ ಮುಳುಗಬಾರದೆಂದು ಜನ ಬೆಟ್ಟದ ಮೇಲೆ ಶಿಬಿರ ಹೂಡಿದ್ದರು. ತಂಡ ಅಲ್ಲಿಗೂ ಹೋಯಿತು. ವಿದ್ಯುತ್ತಿನ ಹೆಸರಲ್ಲಿ ನೆಲ ಮುಳುಗಿಸುವುದನ್ನು ವಿರೋಧಿಸುವ ಜಾಗದಲ್ಲಿ ಸ್ವಿಚ್ ಹಾಕುವುದೆಂತು? ಆಂಪ್ಲಿಫಯರ್ ಇಲ್ಲ, ಪೆಡಲ್ ಇಲ್ಲ, ರಿವರ್ಬ್ ಇಲ್ಲ. ಬರೀ ಗಂಟಲು, ವೈರಿಲ್ಲದ ವಾದ್ಯಗಳು. 'ವಾಕಾ' ಎಂಬ ಹಾಡು ಹಾಡಿದರು.

ಹಾಡು ನಿಂತಿತು ಕಣ್ರೀ! ನನಗಂತೂ ತಟ್ಟೆಯಲ್ಲಿ ಮುದ್ರಿಸಿದ್ದಕ್ಕಿಂತ ಇದೇ ಹೆಚ್ಚು ನಾಟಿತು. ಕಣಿವೆ ಮಾತ್ರ ಉಳಿಯಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ ಕೊನೆಗೆ ನೀರು ತುಂಬತೊಡಗಿತು.

ತುಮಕೂರಿನ ಮಿತ್ರರೇ, ಆದ್ದರಿಂದ ಗಿಟಾರ್ ಮಾರಬೇಡಿ. ನಿಮ್ಮ ಬೀದಿಯಲ್ಲಿ ಪಿಟೀಲು ಮೇಷ್ಟರು ಯಾರಾದರೂ ಇದ್ದರೆ, ಕೂದಲು ಸವೆದ ಹಳೆಯ ಕಮಾನೊಂದನ್ನು ಕೇಳಿ ತನ್ನಿ. ಹೊಸದನ್ನು ಕೇಳಬೇಡಿ, ಬೈಸಿಕೊಳ್ಳುತ್ತೀರಿ. ಒಂದು ಬಿಲ್ಲೆ ರಾಳ ಕೊಳ್ಳಿ. ಮೊದಲ ವಾರ ಬೆಕ್ಕು ಕೂಗಿದ ಹಾಗೆಯೇ ಕೇಳಿಸುತ್ತದೆ, ಮನೆಯವರಿಗೆ ಮೊದಲೇ ಹೇಳಿಬಿಡಿ. ಪೆಡಲ್ ವಿಚಾರ ಆಮೇಲೆ ಬರೆಯಿರಿ, ಮಾತಾಡೋಣ.