ಚಳಿಯಲ್ಲಿ ಗಾಳ ನಿಧಾನ



ಕಳೆದ ಕ್ರಿಸ್ತಜಯಂತಿ ರಜೆಯಲ್ಲಿ ನಾವು ದಿಂಡಿಗಲ್ ಜಿಲ್ಲೆಯ ಕೊಡೈಕೆನಾಲಿಗೆ ಹೋಗಿದ್ದೆವು. ಲಾ ಸಲೆತ್ ಮಾತೆಯ ದೇವಾಲಯದಲ್ಲಿ ಪ್ರಾರ್ಥಿಸಿದೆವು. 1863ರಲ್ಲಿ ಕಲೆಕ್ಟರ್ ಲೆವಿಂಜ್ ಕಟ್ಟಿಸಿದ ಕೆರೆಯ ಸುತ್ತ ನಡೆದೆವು. ನಮ್ಮ ಮಗ ಮಾತ್ರ ಹತ್ತು ಹೆಜ್ಜೆ ಹಿಂದೆಯೇ ಇದ್ದ. ಪರೀಕ್ಷೆಯಲ್ಲಿ ನಪಾಸಾದ ದಿನ ನಾವು ಆಡಿದ ಮಾತು ಅವನ ಬಾಯಿಗೆ ಬೀಗ ಹಾಕಿತ್ತು.

ಮರುದಿನ ಪರಿಚಿತರ ತೋಟಕ್ಕೆ ಹೋದೆವು. ಅಲ್ಲಿನ ಹೊಂಡದಲ್ಲಿ ಬಾಣಲೆಗೆ ಹಿಡಿಸುವಷ್ಟು ಚಿಕ್ಕ ಗೆಂಡೆ ಮೀನುಗಳಿದ್ದವು. ತೋಟದ ಹಿರಿಯರು ಎರೆಹುಳು ಬಳಸುವವರಲ್ಲ. ಗರಿಯಿಂದ ಹುಳದಂತೆ ಕಟ್ಟಿದ ಗಾಳ, ಅಂದರೆ ‘ಫ್ಲೈ’ ಬಳಸುವವರು. ಮಗನನ್ನು ಕರೆದು, “ಬಾ ತಮ್ಮಾ, ಈ ದಾರ ಹಿಡಿ” ಎಂದರು.

ಕೆಲಸ ಸುಲಭ. ಚಿಕ್ಕ ಗಾಳವನ್ನು ಇಕ್ಕಳದಲ್ಲಿ ಬಿಗಿದು ಕಪ್ಪು ಹೊಲಿಗೆ ದಾರ ಸುತ್ತಬೇಕು. ಅದರ ಮೇಲೆ ಕಂದು ಉಣ್ಣೆಯ ಎಳೆ, ಮುಂದುಗಡೆ ಕೋಳಿ ಕುತ್ತಿಗೆಯ ಮೆತ್ತನೆಯ ಗರಿ ಎರಡು ಸುತ್ತು. ಗಂಟು ಹಾಕಿ ಒಂದು ಹನಿ ಉಗುರುಬಣ್ಣ ಬಿಟ್ಟರೆ ಮುಗಿಯಿತು. ಗಾಳದ ಹಿಮ್ಮುಳ್ಳನ್ನು ಒತ್ತಿ ಮಡಚಿದರೆ ಮರಿಮೀನನ್ನು ಹೆಚ್ಚು ನೋಯಿಸದೆ ನೀರಿಗೆ ಬಿಡಬಹುದು. ಇಂಥ ಗಾಳಕ್ಕೆ ತೂಕವಿಲ್ಲ; ದಪ್ಪ ದಾರದ ಭಾರವೇ ಅದನ್ನು ದೂರಕ್ಕೆ ಒಯ್ಯುತ್ತದೆ.

ಬೆಳಿಗ್ಗೆ ಒಂದೂ ಕಚ್ಚಲಿಲ್ಲ. ಮಗ ದಾರವನ್ನು ಸರಸರ ಎಳೆಯುತ್ತಿದ್ದ. ಹಿರಿಯರು ಹೇಳಿದರು: “ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ. ಚಳಿಯಲ್ಲಿ ಅದಕ್ಕೆ ಹಸಿವೂ ಕಡಿಮೆ, ಓಡಾಟವೂ ಕಡಿಮೆ. ತಳದಲ್ಲಿ ಸುಮ್ಮನಿರುತ್ತದೆ. ಓಡುವ ಹುಳವನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಚಿಕ್ಕ ಗಾಳ ಹಾಕು, ಮುಳುಗಲು ಬಿಡು, ಬೆರಳಷ್ಟೇ ಎಳೆ, ನಿಲ್ಲಿಸು. ಬಿಸಿಲೇರಲಿ.”

ಮಧ್ಯಾಹ್ನ ಬಿಸಿಲು ಬಿದ್ದ ಆಳವಿಲ್ಲದ ಅಂಚಿನಲ್ಲಿ ದಾರ ಕೊಂಚ ಅಲುಗಿತು. ಅಂಗೈಯಗಲದ ಗೆಂಡೆ! “ಅಪ್ಪಾ, ನೋಡಿ!” ಎಂದ ಮಗ. ಎರಡು ತಿಂಗಳ ನಂತರ ತಾನಾಗಿ ಆಡಿದ ಮೊದಲ ಮಾತು ಅದು.

ತಳದಲ್ಲಿ ಸುಮ್ಮನಿದ್ದ ಮಗುವನ್ನು ನಾವು ದಿನವೂ ಪ್ರಶ್ನೆಗಳಿಂದ ಸರಸರ ಎಳೆಯುತ್ತಿದ್ದೆವಲ್ಲವೇ?

ಯೊವಾನ್ನನ ಶುಭಸಂದೇಶದ 21ನೇ ಅಧ್ಯಾಯ ನೆನಪಾಯಿತು. ಶಿಷ್ಯರಿಗೆ ರಾತ್ರಿಯಿಡೀ ಒಂದು ಮೀನೂ ಸಿಗಲಿಲ್ಲ. ಪ್ರಭುವಿನ ಮಾತಿನಂತೆ ಬಲೆ ಬೀಸಿದಾಗ 153 ದೊಡ್ಡ ಮೀನುಗಳು ಸಿಕ್ಕವು. ದಡದಲ್ಲಿ ಯೇಸುಸ್ವಾಮಿ ಕೆಂಡದ ಮೇಲೆ ಮೀನು ಸುಡುತ್ತಿದ್ದರು. ಪೇತ್ರ ಅವರನ್ನು ಮೂರು ಬಾರಿ ಅಲ್ಲಗಳೆದಿದ್ದ. ಆದರೂ ಸ್ವಾಮಿ ಮೊದಲು ಅವನಿಗೆ ಉಣಬಡಿಸಿದರು. ಊಟವಾದ ಮೇಲೆ ಕೇಳಿದ್ದು ಪ್ರೀತಿಯ ಬಗ್ಗೆ. ತಪ್ಪಿನ ಲೆಕ್ಕ ಕೇಳಲಿಲ್ಲ.

ಆ ಸಂಜೆ ಹುರಿದ ಮೀನಿನ ತಟ್ಟೆಯ ಮುಂದೆ ನಾವೇ ಮಗನ ಕ್ಷಮೆ ಕೇಳಿದೆವು. ಅವನು ತಲೆ ತಗ್ಗಿಸಿ, ಮುಳ್ಳು ಬಿಡಿಸಿದ ತುಂಡೊಂದನ್ನು ಅಮ್ಮನ ತಟ್ಟೆಗೆ ಹಾಕಿದ.

ನಿಮ್ಮ ಮನೆಯಲ್ಲೂ ಯಾರಾದರೂ ಮೌನವಾಗಿದ್ದಾರೆಯೇ? ಈ ವಾರ ಪ್ರಶ್ನೆ ಬೇಡ. ಒಟ್ಟಿಗೆ ಕೂತು ಮಾಡುವ ಒಂದು ಚಿಕ್ಕ ಕೆಲಸ ಹುಡುಕಿ. ಬಿಸಿಲೇರಲು ಬಿಡಿ.