ಮೌನವು ಕ್ಷೇಮದ ಕುರುಹಲ್ಲ

ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಸೀಮೆಯಲ್ಲಿ ರೇಷ್ಮೆಹುಳುವಿನ ಮನೆಯನ್ನು ಬಾಣಂತಿಯ ಕೋಣೆಯಂತೆ ಜೋಪಾನ ಮಾಡುತ್ತಾರೆ. ಚಾಕಿ ಹುಳುವಿಗೆ 27-28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ಶೇಕಡಾ 85-90 ತೇವಾಂಶವೂ ಬೇಕು. ಐದನೆಯ ಹಂತದ ಹುಳುವಿಗೆ 23-24 ಡಿಗ್ರಿ, ಶೇಕಡಾ 65-70 ಸಾಕು. ಇವನ್ನು ಅಳೆಯಲು ಗೋಡೆಗೆ ಸಂವೇದಕಗಳನ್ನಿಟ್ಟು, ಅವುಗಳ ಮಾತನ್ನು ತಂತಿಯ ಮೂಲಕ ಕೇಳಿ, ಹೀಟರನ್ನೂ ತುಂತುರು ಯಂತ್ರವನ್ನೂ ತಾನಾಗಿಯೇ ನಡೆಸುವ ನಿಯಂತ್ರಕ ಪೆಟ್ಟಿಗೆಗಳು ಇಂದು ದೊರೆಯುತ್ತವೆ.

ಆದರೆ ಸಂವೇದಕದ ಮಾತು ನಡುವೆ ನಿಂತುಹೋದರೆ? ಕೆಲವು ಪೆಟ್ಟಿಗೆಗಳು ಕೊನೆಗೆ ಬಂದ ಅಂಕಿಯನ್ನೇ ತೋರಿಸುತ್ತಿರುತ್ತವೆ. ರಾತ್ರಿ ಹತ್ತು ಗಂಟೆಯ 27 ಡಿಗ್ರಿ ಬೆಳಗಿನ ಜಾವದಲ್ಲಿಯೂ 27 ಆಗಿಯೇ ಕಾಣುವುದು. ಕೋಣೆ ಮಾತ್ರ ತಣ್ಣಗಾಗಿರುವುದು. ಮನೆಯವರು ನಿಶ್ಚಿಂತೆಯಿಂದ ಮಲಗಿರುವಾಗಲೇ ಬೆಳೆ ಕೆಡಬಹುದು. ತಪ್ಪು ಅಂಕಿಗಿಂತಲೂ ಹಳೆಯ ಅಂಕಿ ಹೆಚ್ಚು ಅಪಾಯಕರವೆಂದು ನಾವು ಭಾವಿಸುತ್ತೇವೆ. ತಪ್ಪು ಅಂಕಿ ಸಂದೇಹ ಹುಟ್ಟಿಸಬಹುದು. ಹಳೆಯದು ನಂಬಿಕೆಯನ್ನೇ ಹುಟ್ಟಿಸುತ್ತದೆ.

ಮೌನದ ಕಾರಣವನ್ನು ಹುಡುಕುವುದಕ್ಕೂ ಒಂದು ಕ್ರಮವಿದೆ. ಎಲ್ಲ ಸಂವೇದಕಗಳೂ ಒಮ್ಮೆಲೇ ಸುಮ್ಮನಾದರೆ ಪೆಟ್ಟಿಗೆಯನ್ನೂ ವಿದ್ಯುತ್ತನ್ನೂ ಮೊದಲು ನೋಡಬೇಕು. ಒಂದು ಸ್ಥಳದಿಂದಾಚೆಗಿನವು ಮಾತ್ರ ನಿಂತಿದ್ದರೆ ತಂತಿ ಅಲ್ಲಿ ಕಡಿದಿರಬಹುದು. ಇಲಿಯ ಹಲ್ಲನ್ನು ಮರೆಯಬಾರದು. ಒಂದೇ ನಿಂತಿದ್ದರೆ ಅದರ ಜೋಡಣೆಯನ್ನೂ ವಿಳಾಸವನ್ನೂ ಪರೀಕ್ಷಿಸಬೇಕು. ಎರಡಕ್ಕೆ ಒಂದೇ ವಿಳಾಸವಿದ್ದರೆ, ಹೆಸರು ಕರೆದಾಗ ಇಬ್ಬರು ಹುಡುಗರು ಒಟ್ಟಿಗೆ ಉತ್ತರಿಸಿದಂತೆ, ಯಾವುದೂ ತಿಳಿಯದು. 1983ರಲ್ಲಿ ರೂಪುಗೊಂಡ ಆರ್‌ಎಸ್-485 ಎಂಬ ಪದ್ಧತಿಯಲ್ಲಿ ತಂತಿಯು ಒಂದರಿಂದ ಮತ್ತೊಂದಕ್ಕೆ ಸರಪಳಿಯಾಗಿ ಸಾಗಬೇಕು. ಎರಡು ತುದಿಗಳಲ್ಲಿಯೂ ಸಾಮಾನ್ಯವಾಗಿ 120 ಓಮ್ ರೋಧಕವಿರಬೇಕು. ಇಲ್ಲವಾದರೆ ಸಂಕೇತವು ತುದಿಗೆ ಬಡಿದು ಹಿಂದಿರುಗಿ, ಬರುವ ಮಾತನ್ನು ಕಲಕಬಲ್ಲುದು. ಪಂಪಿನ ಮೋಟರು ಓಡುವಾಗ ಮಾತ್ರ ಮಾತು ತಪ್ಪುವುದಾದರೆ, ದೋಷವನ್ನು ಅದರ ಬಳಿಯ ತಂತಿಯಲ್ಲಿ ಹುಡುಕಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ಬರೆದಿಡಬೇಕು. ಮೊದಲೇ ಸಂವೇದಕವನ್ನು ದೂರಿ ಹೊಸದನ್ನು ಕೊಳ್ಳುವುದು ವಿಜ್ಞಾನವಲ್ಲ.

ಇದೇ ಜಿಲ್ಲೆಯ ಗೌರಿಬಿದನೂರಿನಲ್ಲಿ 1965ರಲ್ಲಿ ಭೂಕಂಪಮಾಪಕಗಳ ಸಮೂಹವೊಂದು ಸ್ಥಾಪನೆಯಾಯಿತು. ಭಾಭಾ ಪರಮಾಣು ಸಂಶೋಧನ ಕೇಂದ್ರಕ್ಕೆ ಸೇರಿದುದು ಅದು. ದೂರದ ಕಂಪನದ ಅಲೆ ಪ್ರತಿಯೊಂದು ಮಾಪಕವನ್ನೂ ತುಸು ಬೇರೆ ಬೇರೆ ಕ್ಷಣಗಳಲ್ಲಿ ಮುಟ್ಟುತ್ತದೆ. ಆ ಅಂತರದಿಂದ ಅಲೆ ಬಂದ ದಿಕ್ಕನ್ನು ಎಣಿಸುತ್ತಾರೆ. ನೆರೆಯವರೊಡನೆ ಹೋಲಿಸಿಯೇ ಒಬ್ಬನ ಮಾತಿಗೆ ಬೆಲೆ ಎಂಬ ಈ ನೀತಿ ಹುಳುವಿನ ಮನೆಗೂ ಸಲ್ಲುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಪ್ರತಿಯೊಂದು ಅಂಕಿಯ ಪಕ್ಕದಲ್ಲಿ ಅದು ಬಂದ ವೇಳೆಯೂ ಕಾಣಬೇಕು, ಮಾತು ನಿಂತೊಡನೆ ಗಂಟೆ ಬಾರಿಸಬೇಕು, ಕೋಣೆಗೆ ಎರಡು ಸಂವೇದಕಗಳಿರಬೇಕು, ಗೋಡೆಯ ಹಳೆಯ ಉಷ್ಣಮಾಪಕವನ್ನು ತೆಗೆಯಬಾರದು. ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಸರಿಯಾಗಿರುವ ಯಂತ್ರವನ್ನು ನಡೆಸುವುದರ ಜೊತೆಗೆ, ಬೇಕೆಂದೇ ಕೆಡಿಸಿದ ಯಂತ್ರದ ದೋಷವನ್ನು ಕಂಡುಹಿಡಿಯುವುದನ್ನೂ ಕಲಿಸಬೇಕು. ಯಂತ್ರವು ಸುಮ್ಮನಿರುವಾಗ “ಎಲ್ಲವೂ ಸರಿಯಾಗಿದೆ” ಎನ್ನದೆ, “ಏಕೆ ಸುಮ್ಮನಿದೆ?” ಎಂದು ಕೇಳುವ ವಿದ್ಯಾರ್ಥಿಯೇ ನಾಳೆ ಒಬ್ಬ ರೈತನ ಬೆಳೆಯನ್ನು ಉಳಿಸಬಲ್ಲನು.